ಹೊಳೆಯ ದಂಡೆಯ ಬೆಳಗು

ಪ್ರಾತಃಕಾಲದ ವಾಯುಸೇವನೆಯಿಂದ ದೇಹಕ್ಕೆ ಉಲ್ಲಾಸವುಂಟಾಗುವುದೆಂದು ವೈದ್ಯರು ಹೇಳುವರು. ನಾನು ಈ ಅಭ್ಯಾಸವನ್ನು ಹಿಡಿದುದು ಮಾತ್ರ ಅದಕ್ಕಾಗಿ ಅಲ್ಲ. ಉದ್ಯೋಗದಿಂದ ನಿವೃತ್ತನಾದ ಮೇಲೆ, ಬೆಳಗಾಗುತ್ತಲೆ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಬುದ್ಧಿವಾದ ಹೇಳುವ ಗಂಡಸನ್ನು ಮನೆಯಾಕೆಯು ಎಷ್ಟು ದಿನ ಸಹಿಸಿಯಾಳು? ಕಾರಣವೇನೇ ಇರಲಿ, ಶಿವಮೊಗ್ಗೆಯಲ್ಲಿ ತುಂಗೆಯ ದಂಡೆಗೆ ಹೋಗಿ ಬಾರದೆ ಈಗ ನನಗೆ ದಿನವೇ ಮೊದಲಾಗುವುದಿಲ್ಲ. ಒಂಬತ್ತು ವರ್ಷದ ಮೊಮ್ಮಗಳೂ ರಜೆಯ ದಿನಗಳಲ್ಲಿ ಜತೆಗೆ ಬರುವಳು.

ನಸುಕಿನಲ್ಲಿ ಹೊಳೆಯ ಬಳಿ ನಿಂತರೆ ಮೊದಲು ಕಾಣುವುದು ನೀರಿನ ನಡುವಣ ಕೋರ್ಪಲಯ್ಯನ ಛತ್ರದ ಮಂಟಪ. ಅದೇ ನಮ್ಮೂರಿನವರಿಗೆ ಹೊಳೆಯ ಅಳತೆಗೋಲು. ಮಳೆಗಾಲದಲ್ಲಿ ಮಂಟಪ ಮುಳುಗಿತೆಂದರೆ ಊರಿಗೆ ಊರೇ ನೋಡಲು ನೆರೆಯುವುದು. ಬೇಸಿಗೆಯಲ್ಲಿ ಬಂಡೆಗಳು ಎದ್ದು ತೋರುವುವು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆಗಳನ್ನು ಹರಡಿ ಬಿಸಿಲು ಕಾಯುವುವು. ಮಿಂಚುಳ್ಳಿಯು ನೆಟ್ಟ ದೃಷ್ಟಿಯಿಂದ ಕುಳಿತು, ಒಮ್ಮೆಲೆ ನೀರಿಗೆ ಎರಗುವುದು. ಬೆಳ್ಳಕ್ಕಿಗಳ ಸಾಲು ಕಂಡಾಗಲೆಲ್ಲ ಮೊಮ್ಮಗಳು, “ಅಜ್ಜಾ, ಇವು ಮಂಡಗದ್ದೆಯವೇ?” ಎಂದು ಕೇಳುವಳು. ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರು ದೂರದ ಆ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಅವು ಗೂಡು ಕಟ್ಟುವುದನ್ನು ಆಕೆ ನೋಡಿ ಬಂದಿದ್ದಾಳೆ.

ಊರು ಬೆಳೆಯುತ್ತಲಿದೆ. 2016ರಲ್ಲಿ ಇದು ‘ಸ್ಮಾರ್ಟ್ ಸಿಟಿ’ಗಳ ಪಟ್ಟಿಗೆ ಸೇರಿತು, ಆ ಬಳಿಕ ಹೊಳೆಯ ದಂಡೆಯಲ್ಲಿ ನಡೆಯುವ ಹಾದಿಯೂ ದೀಪಗಳೂ ಬಂದುವು. ಮುದುಕರ ಕಾಲಿಗೆ ಇದರಿಂದ ಉಪಕಾರವಾಯಿತೆಂದು ಒಪ್ಪಲೇಬೇಕು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ತೆರೆಯಿತು. ಊರ ಅಂಚಿನ ಗದ್ದೆಗಳಲ್ಲಿ ಮಾತ್ರ ಪೈರಿಗೆ ಬದಲಾಗಿ ನಿವೇಶನದ ಕಲ್ಲುಗಳು ಎದ್ದಿವೆ.

ಒಂದು ಬೆಳಗ್ಗೆ ಹಸು ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಹಿರಿಯ ಒಕ್ಕಲಿಗರೊಡನೆ ನಾನು ಈ ವಿಷಯವಾಗಿ ಬಹಳ ವ್ಯಸನದಿಂದ ಮಾತನಾಡಿದೆನು. ಅವರು ತಾಳ್ಮೆಯಿಂದ ಕೇಳಿ, “ಸ್ವಾಮಿ, ತಮ್ಮ ಮನೆ ಯಾವ ಕಡೆ?” ಎಂದರು. ಹೇಳಿದೆನು. “ಗೊತ್ತು ಬಿಡಿ. ಅಲ್ಲಿ ನಮ್ಮಪ್ಪ ಭತ್ತ ಬೆಳೀತಿದ್ರು,” ಎಂದು ನಕ್ಕು ಮುಂದೆ ಹೋದರು. ಆ ನಗೆಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. 1994ರಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆಯದು. ಗೃಹಪ್ರವೇಶದ ದಿನ ಹಿತ್ತಿಲಲ್ಲಿ ಕಪ್ಪೆಗಳು ಏಕೆ ಅಷ್ಟು ಕೂಗುತ್ತಿದ್ದುವೆಂಬುದು ನನಗೆ ಅಂದು ತಿಳಿಯಿತು.

ಇದಾದ ಕೆಲವು ದಿನಗಳಲ್ಲಿಯೇ ಮೊಮ್ಮಗಳು ಹೊಳೆಗೆ ಬಂದು ಬೀಳುವ ಒಂದು ಮೋರಿಯನ್ನು ತೋರಿಸಿ, “ಈ ನೊರೆ ಎಲ್ಲಿಂದ ಬರುತ್ತದೆ?” ಎಂದಳು. ಊರಿನದೆಂದೆನು. “ಊರಿನಲ್ಲಿ ಯಾರ ಮನೆಯದು?” ಎಂದಳು. ಮಕ್ಕಳಿಗೆ ಅರ್ಧ ಉತ್ತರ ಸಾಲದು. ಅಂದು ನಾವು ಹೊಳೆಯ ಕಡೆಗೆ ಹೋಗದೆ, ಮೋರಿಯನ್ನೇ ಹಿಡಿದು ಹಿಂದಕ್ಕೆ ನಡೆದೆವು. ಎರಡು ಬೀದಿ, ಒಂದು ಮಾವಿನ ಮರ, ಒಂದು ದೇವಸ್ಥಾನದ ಹಿಂಗೋಡೆ ದಾಟಿ ನಿಂತುದು ನಮ್ಮ ಮನೆಯ ಬಚ್ಚಲ ಕೊಳವೆಯ ಬಾಯಿಯ ಮುಂದೆ. ಆಕೆ ನನ್ನ ಮುಖವನ್ನು ನೋಡಿದಳೇ ಹೊರತು ಒಂದು ಮಾತನ್ನೂ ಆಡಲಿಲ್ಲ.

‘ಗಂಗಾಸ್ನಾನ, ತುಂಗಾಪಾನ’ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವೆವು. ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಹೊನ್ನಾಳಿ, ಹರಿಹರಗಳ ಕಡೆಗೆ ಸಾಗುವಳು. ನಮ್ಮ ಬೀದಿಯ ನೊರೆಯೂ ಅವಳ ಜತೆಗೆ ಸಾಗುವುದಷ್ಟೆ.

ಈಗ ಪಾತ್ರೆ, ಅಕ್ಕಿ ತೊಳೆದ ನೀರು ಹಿತ್ತಿಲಿನ ಬಾಳೆಗೆ ಹೋಗುತ್ತಿದೆ. ಮನೆಯಾಕೆಯು ಇದನ್ನು ಇಪ್ಪತ್ತು ವರ್ಷದ ಹಿಂದೆಯೇ ಹೇಳಿದ್ದಳಂತೆ, ನನಗೆ ಕೇಳಿಸಿರಲಿಲ್ಲ. ಬೀದಿಯ ಕೊಳವೆಗಳನ್ನು ಒಳಚರಂಡಿಗೆ ಸೇರಿಸಬೇಕೆಂಬ ಬಿನ್ನಹಕ್ಕೆ ಏಳು ಮನೆಯವರು ರುಜು ಹಾಕಿದ್ದಾರೆ. ಇಷ್ಟರಿಂದ ಹೊಳೆಯು ತಿಳಿಯಾಗದೆಂದು ಬಲ್ಲೆನು. ಆದರೂ ದಂಡೆಯಲ್ಲಿ ನಿಂತು ಊರನ್ನು ಬೈಯುವ ಚಟವು ಬಿಟ್ಟುಹೋಯಿತು.

ವಾಚಕರು ಒಂದು ಬೆಳಗ್ಗೆ ತಮ್ಮ ಮನೆಯ ಬಚ್ಚಲ ನೀರನ್ನು ಅದು ಹೋಗುವವರೆಗೂ ಹಿಂಬಾಲಿಸಿ ನೋಡಬೇಕೆಂದು ಪ್ರಾರ್ಥಿಸುವೆನು. ಜತೆಗೆ ಮಕ್ಕಳಿದ್ದರೆ ಒಳ್ಳೆಯದು. ದಾರಿ ತಪ್ಪಿಸಿ ಬೇರೆ ಕಡೆಗೆ ತಿರುಗಲು ಅವರು ಬಿಡುವುದಿಲ್ಲ.