ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ

ಕಳೆದ ಶ್ರಾವಣದ ಒಂದು ಸಂಜೆ. ಹೊರಗೆ ಜಡಿಮಳೆ. ಸೊಸೆ ಫೋನಿನಲ್ಲಿ ತರಿಸಿದ್ದ ದಿನಸಿಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದವನು ಹೆಲ್ಮೆಟ್ ತೆಗೆದು, "ಸಾರ್, ಗುರುತು ಸಿಕ್ಕಿತೇ?" ಎಂದ. ನಾನು ನಿವೃತ್ತನಾದ ವರ್ಷ, 2003ರಲ್ಲಿ, ನನ್ನ ಬಳಿ ಹತ್ತನೆಯ ತರಗತಿಯ ಗಣಿತ ಕಲಿತ ಹುಡುಗ. ಒಳಗೆ ಬಾ, ಕಾಫಿ ಕುಡಿ ಎಂದೆ. "ಇನ್ನೊಂದು ಆರ್ಡರ್ ಇದೆ ಸಾರ್" ಎಂದು ಕಾಲಿಗೆ ನಮಸ್ಕರಿಸಿ ಹೊರಟುಹೋದ. ವಾರದ ಬಳಿಕ ಬಿಡುವು ಮಾಡಿಕೊಂಡು ಬಂದು ಮಾತನಾಡಿದ. ಇದನ್ನು ಬರೆಯಲು ಅವನ ಒಪ್ಪಿಗೆಯಿದೆ. ಹೆಸರು ಮಾತ್ರ ಬೇಡವೆಂದ.

ಅವನ ಮನೆಯ ಮೂರು ತಲೆಮಾರನ್ನೂ ನಾನು ಬಲ್ಲೆ. ಅಜ್ಜ ಮಲ್ಲೇಶ್ವರದ ರಾಜಾ ಮಿಲ್ಲಿನ ಕಾರ್ಮಿಕರು, ಅಕ್ಷರ ಬಾರದವರು. 1968ರಲ್ಲಿ ಮಗನನ್ನು ಶಾಲೆಗೆ ಸೇರಿಸಲು ಬಂದಾಗ, "ಮೇಷ್ಟ್ರೇ, ಇವನು ನನ್ನ ಹಾಗೆ ಹತ್ತಿಯ ಧೂಳು ಕುಡಿಯಬಾರದು" ಎಂದಿದ್ದರು. ಮಗ ಎಸ್.ಎಸ್.ಎಲ್.ಸಿ. ಮುಗಿಸಿ, ಐ.ಟಿ.ಐ. ತರಬೇತಿ ಪಡೆದು, ಜಾಲಹಳ್ಳಿಯ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆಗೆ ಸೇರಿದ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಆರಂಭವಾಗಿದ್ದ ಕಾರ್ಖಾನೆ ಅದು. ಕಾರ್ಖಾನೆಯ ಬಸ್ಸು, ಕ್ಯಾಂಟೀನಿನ ಊಟ, ಭವಿಷ್ಯನಿಧಿ. ಕೊನೆಗೆ ಮತ್ತಿಕೆರೆಯ ಕಡೆ 30-40ರ ನಿವೇಶನದಲ್ಲಿ ಸ್ವಂತ ಮನೆ.

ಆ ಸೌಲಭ್ಯಗಳೇನೂ ಪುಕ್ಕಟೆಯಾಗಿ ಬಂದವಲ್ಲ. 1980ರ ಡಿಸೆಂಬರ್ ಕೊನೆಯಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ. ಮೊದಲಾದ ಕಾರ್ಖಾನೆಗಳ ಕಾರ್ಮಿಕರು ಹೂಡಿದ ಮುಷ್ಕರ 77 ದಿನ ನಡೆಯಿತು. ಅಷ್ಟೂ ದಿನ ನಮ್ಮ ಬೀದಿಯ ಶೆಟ್ಟರು ಆ ಮನೆಗೆ ಅಕ್ಕಿ, ಬೇಳೆಯನ್ನು ಸಾಲದ ಪುಸ್ತಕದಲ್ಲಿ ಬರೆದು ಕೊಟ್ಟರು. "ಕೆಲಸ ಎಲ್ಲಿಗೆ ಹೋಗುತ್ತದೆ ಮೇಷ್ಟ್ರೇ, ತೀರಿಸುತ್ತಾನೆ" ಎಂದಿದ್ದರು. ತೀರಿಸಿದ.

ಆ ತಂದೆಯನ್ನು ಉದಾಹರಣೆಯಾಗಿಟ್ಟುಕೊಂಡೇ ನಾನು ನಿಮಗೆಲ್ಲ ಪ್ರತಿ ವರ್ಷ ಒಂದು ಮಾತು ಹೇಳುತ್ತಿದ್ದೆ: ಓದಿದರೆ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ ಹೋಗುತ್ತೀರಿ. ನಿಮಗೆ ನೆನಪಿರಬಹುದು. ಈ ಹುಡುಗನಿಗೂ ಅದನ್ನೇ ಹೇಳಿದ್ದೆ.

ಅವನು ಓದಿದ. ಬಿ.ಕಾಂ. ಪದವೀಧರನಾದ. ಗುತ್ತಿಗೆದಾರನೊಬ್ಬನ ಮೂಲಕ ಲೆಕ್ಕಪತ್ರದ ಕೆಲಸ ಸಿಕ್ಕಿತು. ಹನ್ನೊಂದು ತಿಂಗಳ ಕರಾರು, ಮುಗಿದ ಮೇಲೆ ಮತ್ತೆ ಹೊಸತು. ಹತ್ತು ವರ್ಷ ದುಡಿದರೂ ಅವನು ಹೊಸಬನಾಗಿಯೇ ಉಳಿದ. 2020ರ ಲಾಕ್‌ಡೌನಿನಲ್ಲಿ ಅದೂ ಹೋಯಿತು. ಈಗ ಈ ಬೈಕು. ಸಂಬಳದ ಚೀಟಿಯಿಲ್ಲದ್ದರಿಂದ ಗೃಹಸಾಲ ಹುಟ್ಟಲಿಲ್ಲವಂತೆ. ಇರುವುದು ತಂದೆ ಕಟ್ಟಿಸಿದ ಮನೆಯಲ್ಲಿ. "ಅಪ್ಪನ ಮನೆ ಇಲ್ಲದಿದ್ದರೆ ಈ ಊರಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ ಸಾರ್" ಎಂದ. ಅವನ ಮಾತಿನಲ್ಲಿ ದೂರಿರಲಿಲ್ಲ. ನನಗೇ ತಲೆ ಎತ್ತಲಾಗಲಿಲ್ಲ.

ರಾಜಾ ಮಿಲ್ಲಿದ್ದ ಜಾಗದಲ್ಲಿ 2010ರಲ್ಲಿ ಮಾಲ್ ತೆರೆಯಿತು. ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ಊರಿನಲ್ಲಿ ದುಡ್ಡು ಕಡಿಮೆಯಾಗಿದೆಯೆಂದಲ್ಲ. ನಿಮ್ಮಲ್ಲೇ ಹಲವರು ಸಾಫ್ಟ್‌ವೇರಿನಲ್ಲಿ ನಾನು ಕಲ್ಪಿಸಲೂ ಆಗದ ಎತ್ತರಕ್ಕೆ ಏರಿದ್ದೀರಿ, ನನಗೆ ಸಂತೋಷವೇ. ಆದರೆ ಐ.ಟಿ.ಐ. ಕಲಿತ ಸಾಧಾರಣ ಹುಡುಗನೊಬ್ಬ ಕಾಲಿಟ್ಟು ನಿಲ್ಲಬಹುದಾಗಿದ್ದ ನಡುವಿನ ಮೆಟ್ಟಿಲು ಕಳಚಿಬಿದ್ದಿದೆ. ಅಂದು ಆ ತಂದೆ ಮೇಲೇರಿದ್ದು ನನ್ನ ಪಾಠದಿಂದ ಎಂದು ಬಹಳ ಕಾಲ ಬೀಗಿದ್ದೆ. ಪಾಠ ಇಬ್ಬರಿಗೂ ಒಂದೇ. ತಂದೆಗೆ ಶಾಲೆಯಾಚೆ ಕಾಯಂ ಕೆಲಸವೊಂದು ಕಾದಿತ್ತು, ಮಗನಿಗೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿದೆ. ಅವರಿಗಾಗಿ ಕಲ್ಯಾಣ ಮಂಡಳಿ, ಕಂಪನಿಗಳಿಂದ ಕಲ್ಯಾಣ ಶುಲ್ಕ, ಇವೆಲ್ಲ ಅದರಲ್ಲಿವೆ. ಒಳ್ಳೆಯ ಆರಂಭ. ಆದರೆ ಅದನ್ನು ಓದಿ ಹೇಳಿದಾಗ ಅವನು ಕೇಳಿದ್ದು ಒಂದೇ: "ನನ್ನ ಮಗಳಿಗೆ ನಾನು ಏನು ಹೇಳಲಿ ಸಾರ್?"

ಓದಿಸು ಎಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬರಲಿಲ್ಲ. ಉಳಿದದ್ದು ನಿಮ್ಮ ಕೈಯಲ್ಲಿದೆ. ನಿಮ್ಮಲ್ಲಿ ಅನೇಕರು ಇಂದು ನಾಲ್ಕು ಜನಕ್ಕೆ ಕೆಲಸ ಕೊಡುವ ಸ್ಥಾನದಲ್ಲಿದ್ದೀರಿ. ಮುಂದಿನ ಸಲ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುವ ಮುನ್ನ, ಅದನ್ನು ಹನ್ನೆರಡು ಮಾಡಲಾಗದೇ ಎಂದು ಯೋಚಿಸಿ. ಅದರ ಆಚೆ ತುದಿಯಲ್ಲಿರುವವನು ನಿಮ್ಮ ಪಕ್ಕದ ಬೆಂಚಿನಲ್ಲಿ ಕುಳಿತಿದ್ದವನೇ ಇರಬಹುದು.