ಸದ್ದಲೇ! ಪಾರ್ಸೆಲ್ ಹೊಂಟೈತಿ

ಒಂದೇ ಸಾಲಿನ ಮಾತಿಗೆ ಹತ್ತು ಅರ್ಥ ಬಿಡಿಸುವ ವಿದ್ಯೆ ನಮ್ಮ ರಾಣೇಬೆನ್ನೂರು ಸೀಮೆಯವರಿಗೆ ಹುಟ್ಟಿನಿಂದಲೇ ಬಂದದ್ದು. ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ನವರಾತ್ರಿಗೆ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕೂಗಿದರೆ ಅಷ್ಟು ಜನರ ಗದ್ದಲವೂ ಅಡಗುತ್ತದೆ. ಅವನು ಒಂದು ಸಾಲು ಕಾರ್ಣಿಕ ನುಡಿದು ಕೆಳಕ್ಕೆ ಬೀಳುತ್ತಾನೆ. ಆಮೇಲೆ ವರ್ಷವಿಡೀ ಕಟ್ಟೆಯ ಮೇಲೆ ವಾದ: ಅದು ಮಳೆಯ ಮಾತೋ, ಗೋವಿನಜೋಳದ ಧಾರಣೆಯ ಮಾತೋ, ಸರಕಾರ ಬೀಳುವ ಮಾತೋ! ಇಂಥ ಜನಕ್ಕೆ ಮೊಬೈಲಿನಲ್ಲಿ ‘ಶಿಪ್‌ಮೆಂಟ್ ಇನ್ ಟ್ರಾನ್ಸಿಟ್’ ಎಂಬ ಸಾಲು ಬಂದರೆ ಅದೇನು ಮಹಾ? ಕುಪ್ಪೇಲೂರಿನ ನಮ್ಮ ಓಣಿ ಅದನ್ನೂ ಕಾರ್ಣಿಕದ ಲೆಕ್ಕಕ್ಕೇ ಸೇರಿಸಿಕೊಂಡಿತು.

ಪಾರ್ಸೆಲ್ಲಿನಲ್ಲಿದ್ದದ್ದು ಅವ್ವನ ಮೊಣಕಾಲಿಗೆ ಕಟ್ಟುವ ಪಟ್ಟಿ. ಬೆಂಗಳೂರಿನ ತಮ್ಮ ಅಲ್ಲಿಂದಲೇ ಆರ್ಡರ್ ಮಾಡಿ, ಲಿಂಕನ್ನು ನನಗೆ ದಾಟಿಸಿ, ಮಗನ ಕರ್ತವ್ಯ ಮುಗಿಸಿದ್ದ. ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಕಟ್ಟೆಯಿಂದಲೇ ಕೂಗುವಳು: “ಎಲ್ಲಿಗೆ ಬಂತಪಾ?”

ಮೊದಲ ನುಡಿ ‘ಲೇಬಲ್ ಕ್ರಿಯೇಟೆಡ್’. ಪಾರ್ಸೆಲ್ ಹೊರಟಿತೆಂದೇ ಬಾಜೂ ಮನೆಯ ಕಾಕಾನ ತೀರ್ಮಾನ. ಹಾಗಲ್ಲ, ವಿಳಾಸದ ಚೀಟಿ ಅಚ್ಚಾಗಿದೆ ಎಂದಷ್ಟೇ ಅದರ ಅರ್ಥ, ಸಾಮಾನು ಇನ್ನೂ ಮಾರುವವನ ಕಪಾಟಿನಲ್ಲೇ ಇರಬಹುದು ಎಂದೆ. “ಚೀಟಿ ಅಚ್ಚಾತು ಅಂತ ಹೇಳಾಕ ಇಷ್ಟ್ ಗದ್ಲಾ?” ಎಂದಳು ಅವ್ವ.

ಮುಂದಿನ ನುಡಿ ಭಿವಂಡಿಯಿಂದ ಬಂತು. ಮುಂಬೈ ಮಗ್ಗುಲಿನ ಈ ಊರಿನ ತುಂಬ ಗೋದಾಮುಗಳು. ದೇಶದ ಅರ್ಧ ಪಾರ್ಸೆಲ್ಲುಗಳ ತವರುಮನೆ ಅದೇ ಏನೋ ಅನ್ನಿಸುತ್ತದೆ. ಅಲ್ಲಿಂದ ಹೊರಟದ್ದು ನೆಟ್ಟಗೆ ಬೆಂಗಳೂರು ಮುಟ್ಟಿದ್ದನ್ನು ಕೇಳಿ ಅವ್ವ ಸಿಟ್ಟಾದಳು. ಪುಣೆ–ಬೆಂಗಳೂರು ಹೆದ್ದಾರಿ (ಮೊದಲಿನ ನಂಬರು ನಾಲ್ಕು, ಈಗಿನದು 48) ಹಾವೇರಿ, ರಾಣೇಬೆನ್ನೂರುಗಳನ್ನು ಹಾಯ್ದೇ ಹೋಗಬೇಕು. “ಅಂದ್ರ ನನ್ನ ಪಟ್ಟಿ ರಾತ್ರೋರಾತ್ರಿ ನಮ್ಮ ಬಾಗಲಾಗ ಹಾದು ಹೋಗೇತಿ! ಡ್ರೈವರ್‌ಗೆ ಒಂದ್ ಮಾತು ಹೇಳಿದ್ರ ಇಳಿಸ್ತಿದ್ದಿಲ್ಲೇನು?” ಇಳಿಸಲಾಗದು. ಲಾರಿಯ ಬಾಗಿಲಿಗೆ ಸೀಲು ಬಿದ್ದಿರುತ್ತದೆ. ಒಳಗಿನ ಮಾಲು ದೊಡ್ಡ ಕೇಂದ್ರದಲ್ಲೇ ಇಳಿದು, ಊರುವಾರು ಬೇರೆಯಾಗಿ, ಬೇರೆ ಗಾಡಿ ಹತ್ತಬೇಕು. ಊರೂರಿಗೆ ನಿಲ್ಲಿಸುವುದಕ್ಕಿಂತ ಮುನ್ನೂರು ಕಿಲೋಮೀಟರ್ ಮುಂದೆ ಹೋಗಿ ಹಿಂದಕ್ಕೆ ಬರುವುದೇ ಅಗ್ಗ. ಈ ಅರ್ಥಶಾಸ್ತ್ರ ಅವ್ವನ ತಲೆಗೆ ಇಳಿಯಲಿಲ್ಲ. ಪೂರ್ತಿ ಇಳಿದಿದೆಯೆಂದು ನಾನೂ ಹೇಳಲಾರೆ.

ಆಮೇಲೆ ಕಾರ್ಣಿಕ ನಿಂತೇ ಹೋಯಿತು. ಕಳೆದೇ ಹೋಯಿತೆಂದರು ಓಣಿಯವರು. ಸುದ್ದಿ ಇಲ್ಲವೆಂದರೆ ಸಾಮಾನು ಇಲ್ಲವೆಂದಲ್ಲ. ಅಂಚೆಯ ಉದಾಹರಣೆಯನ್ನೇ ನೋಡಿ. 1986ರಲ್ಲಿ ಶುರುವಾದ ಸ್ಪೀಡ್ ಪೋಸ್ಟಿಗೆ ಹದಿಮೂರರ ನಂಬರು: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ‘ಐಎನ್’. ಒಂಬತ್ತನೆಯ ಅಂಕಿ ಮೊದಲಿನ ಎಂಟರ ಲೆಕ್ಕದಿಂದ ಹುಟ್ಟಿದ್ದು. ನಂಬರು ಹೊಡೆಯುವಾಗ ಬೆರಳು ತಪ್ಪಿದರೆ ಹಿಡಿದುಕೊಡುವುದೇ ಅದರ ಕೆಲಸ. ‘ಬುಕ್ಡ್’ ಅಂದರೆ ಕೌಂಟರಿನಲ್ಲಿ ಕೊಟ್ಟದ್ದು. ‘ಬ್ಯಾಗ್ಡ್’ ಅಂದರೆ ಚೀಲ ಸೇರಿದ್ದು. ‘ಡಿಸ್ಪ್ಯಾಚ್ಡ್’ ಅಂದರೆ ಚೀಲ ಹೊರಟದ್ದು. ಚೀಲದ ಬಾಯಿ ಮತ್ತೆ ಬಿಚ್ಚುವವರೆಗೆ ಒಳಗಿನ ಪಾರ್ಸೆಲ್ಲನ್ನು ಯಾವ ಯಂತ್ರವೂ ನೋಡದು. ಆ ನಡುವೆ ಮಳೆಗೆ ರಸ್ತೆ ಕಿತ್ತಿರಬಹುದು, ದೀಪಾವಳಿಯ ಮಾಲು ರಾಶಿ ಬಿದ್ದಿರಬಹುದು, ಭಾನುವಾರ ಅಡ್ಡ ಬಂದಿರಬಹುದು. ಅಥವಾ ಪಿನ್ ಕೋಡ್ ಕೈಕೊಟ್ಟಿರಬಹುದು. 1972ರ ಸ್ವಾತಂತ್ರ್ಯ ದಿನದಂದು ಬಂದ ಈ ಆರಂಕಿಯಲ್ಲಿ ನಮ್ಮ ಹಾವೇರಿಗೂ ಕಾರವಾರಕ್ಕೂ ಮೊದಲ ಮೂರು ಒಂದೇ, 581. ರಾಣೇಬೆನ್ನೂರಿನ 581115ರಲ್ಲಿ ನಾಲ್ಕನೆಯ ಅಂಕಿಯಾದ ಒಂದು ಮೂರಾಗಿ ಕಂಡರೆ ಪಾರ್ಸೆಲ್ ಸಮುದ್ರ ನೋಡಿಕೊಂಡೇ ಬರುತ್ತದೆ.

ನಿಜಕ್ಕೂ ದಿಗಿಲಾಗಬೇಕಾದದ್ದು ‘ರಿಟರ್ನ್ ಟು ಒರಿಜಿನ್’ ಎಂಬ ನುಡಿಗೆ. ಅದು ಕಂಡೊಡನೆ ಆರ್ಡರ್ ನಂಬರು ಹಿಡಿದು ಮಾರಿದವರ ಬೆನ್ನು ಹತ್ತಬೇಕು. ಅವರು ಕಿವಿಗೊಡದಿದ್ದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಹಾಗೆಯೇ, ‘ನಿಮ್ಮ ವಿಳಾಸ ಅಪೂರ್ಣ, ಈ ಲಿಂಕ್ ಒತ್ತಿ ಸರಿಪಡಿಸಿ’ ಎಂದು ಅಂಚೆಯ ಹೆಸರಿನಲ್ಲಿ ಬರುವ ಮೆಸೇಜು ಕಳ್ಳರದು. ಕಾಯುವವನ ಆತುರವೇ ಅವರ ಬಂಡವಾಳ.

ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಬುತ್ತಿಯನ್ನು ಬಸ್ಸಿಗೆ ಕೊಡುತ್ತಿದ್ದಳು. ಉತ್ತರ ಕರ್ನಾಟಕದ ಎಷ್ಟು ಹುಡುಗರು ಹೀಗೆ ಬಸ್ಸಿನ ಬುತ್ತಿ ಉಂಡೇ ಡಿಗ್ರಿ ಮುಗಿಸಿದರೋ! ಡಬ್ಬಿಯ ಮೇಲೆ ಹುಡುಗನ ಹೆಸರು, ಊರಿನ ಹೆಸರು, ಅಷ್ಟೇ. ನಂಬರಿಲ್ಲ, ರಸೀದಿಯಿಲ್ಲ. ರಾಣೇಬೆನ್ನೂರಿನಲ್ಲಿ ಒಬ್ಬ ಕಂಡಕ್ಟರ್ ಇನ್ನೊಬ್ಬನ ಕೈಗೆ ದಾಟಿಸುವನು. ಬುತ್ತಿ ಎಲ್ಲಿದೆ ಎಂಬುದು ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಖಾಲಿ ಡಬ್ಬಿ ತಿರುಗಿ ಬಂದ ದಿನ ಅವಳ ಪಾಲಿಗೆ ‘ಡೆಲಿವರ್ಡ್’. ಅಲ್ಲಿಯವರೆಗೆ ಮಗ ಉಂಡಿದ್ದಾನೆ ಎಂದೇ ಅವಳು ನಂಬಿರುತ್ತಿದ್ದಳು. ಈಗ ಪಟ್ಟಿಯ ಪ್ರತಿ ನಿಲುಗಡೆಯೂ ಗೊತ್ತು. ಅದಕ್ಕೇ ಪ್ರತಿ ನಿಲುಗಡೆಗೂ ಒಂದೊಂದು ಸಂಶಯ.

ಕಡೆಗೊಂದು ಮಧ್ಯಾಹ್ನ ಮೊಬೈಲು ನುಡಿಯಿತು: ‘ಡೋರ್ ಲಾಕ್ಡ್’. ನಮ್ಮ ಮನೆಯ ಬಾಗಿಲಿಗೆ ಹಗಲು ಕೀಲಿ ಬಿದ್ದದ್ದನ್ನು ಕಂಡವರಿಲ್ಲ; ಅವ್ವ ಅದೇ ಬಾಗಿಲಲ್ಲಿ ಕುಂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಫೋನ್ ಹಚ್ಚಿದರೆ ಕೊರಿಯರ್ ಹುಡುಗ, “ಹಳ್ಳಿಗೆ ಬರಾಕ ಪೆಟ್ರೋಲು ಕೊಡೂದಿಲ್ರಿ ಅಣ್ಣಾರ, ನಿಮ್ಮೂರ ಬಸ್ಸಿಗೆ ಕೊಟ್ಟು ಕಳಸ್ತೀನಿ,” ಎಂದ. ಅವನ ಸಂಕಟವೂ ಸಣ್ಣದಲ್ಲ. ಬಸ್ಸು ಇನ್ನೂ ದಾರಿಯಲ್ಲಿರುವಾಗಲೇ ‘ಡೆಲಿವರ್ಡ್’ ಎಂದು ಬಂತು. ಆ ಕೊನೆಯ ಹಾದಿಯಲ್ಲಿ ಮಾತ್ರ ಅವ್ವ ಏನನ್ನೂ ಕೇಳಲಿಲ್ಲ. ಬಸ್ಸಿಗೆ ಕೊಟ್ಟದ್ದು ಬಂದೇ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಬಂತು.

ಡೆಲಿವರಿಗೆ ಎಷ್ಟು ಚುಕ್ಕಿ ಕೊಡುತ್ತೀರಿ ಎಂದು ಮೊಬೈಲು ಕೇಳಿತು. “ಐದಕ್ಕ ಐದೂ ಆ ಕಂಡಕ್ಟರ್‌ಗೆ ಕೊಡಪಾ,” ಎಂದಳು ಅವ್ವ. ಕಂಡಕ್ಟರ್‌ಗೆ ಕೊಡುವ ಜಾಗ ಅದರಲ್ಲಿ ಇರಲಿಲ್ಲ.

ಪಟ್ಟಿ ಕಟ್ಟಿಕೊಂಡ ಮೇಲೆ ಓಣಿಗೆ ಬಿಡಿಸಲು ಒಗಟೇ ಉಳಿಯಲಿಲ್ಲ. ಕಾಕಾ ಬಂದರೂ ಸುಮ್ಮನೆ ಕುಂತು ಎದ್ದು ಹೋಗುತ್ತಿದ್ದ. ಅವ್ವ ಅದೆಷ್ಟು ಹೊತ್ತು ತಡೆದಳೋ, ಕಡೆಗೆ ಪಟ್ಟಿಯಿಲ್ಲದ ಕಾಲನ್ನು ನೀವಿಕೊಳ್ಳುತ್ತ ಅಂದಳು: “ತಮ್ಮಗ ಫೋನ್ ಹಚ್ಚು. ಈ ಕಾಲಿಗೂ ಒಂದು ತರಸಂತ ಹೇಳು. ಅವಸರೇನಿಲ್ಲ ಅಂತನೂ ಹೇಳು.”