240 ರೂಪಾಯಿ ಟೀ ಮತ್ತು ಅವ್ವನ ಮರಗೆಣಸು

ನನ್ನ ಮಗಳಿಗೆ ಒಂಬತ್ತು ವರ್ಷ. ಸಂಕ್ರಾಂತಿ ಕಳೆದ ವಾರ ಕ್ಲಾಸಿನ ಹುಡುಗಿಯೊಬ್ಬಳ ಹುಟ್ಟುಹಬ್ಬಕ್ಕೆ ಹೋಗಿ ಬಂದವಳು ರಾತ್ರಿ ಮಲಗುವಾಗ ಕೇಳಿದಳು: "ಅಪ್ಪಾ, ನೀನು ಬಬಲ್ ಟೀ ಕುಡಿದಿದ್ದೀಯಾ?"

ನಾನು ಕುಡಿದಿರಲಿಲ್ಲ. ತಣ್ಣನೆ ಹಾಲಿನ ಟೀ, ತಳದಲ್ಲಿ ಕಪ್ಪು ಗೋಲಿಗಳು, ಬೆರಳು ದಪ್ಪದ ಸ್ಟ್ರಾ, ಎಳೆದರೆ ಗೋಲಿ ಬಾಯಿಗೆ ಬರುತ್ತೆ, ಅಗಿಯಬೇಕು. ಅವಳು ಹೇಳಿದ್ದು ಇಷ್ಟು. ಅವತ್ತು ಎಲ್ಲರಿಗೂ ಒಂದೊಂದು ಲೋಟ ಬರುವ ಹೊತ್ತಿಗೆ ಇವಳ ಸರದಿಯಲ್ಲಿ ಮುಗಿದು ಹೋಗಿತ್ತಂತೆ. ಗೆಳತಿಯ ಲೋಟದಲ್ಲಿ ಎರಡು ಗುಟುಕು ಸಿಕ್ಕಿತ್ತು.

ಭಾನುವಾರ ಮೈಸೂರಿನ ಒಂದು ಮಾಲ್‌ಗೆ ಕರೆದುಕೊಂಡು ಹೋದೆ. ಬೋರ್ಡ್ ನೋಡಿದೆ. ಅವಳು ಬೆರಳು ತೋರಿಸಿದ ಲೋಟಕ್ಕೆ 240 ರೂಪಾಯಿ. ಜೇಬಿನಲ್ಲಿ 300 ಇತ್ತು, ಬೈಕಿಗೆ ಪೆಟ್ರೋಲ್ ಹಾಕಿಸಬೇಕಿತ್ತು. ನಾನು ವರದಿ ಕಳಿಸುವ ಪತ್ರಿಕೆಯಲ್ಲಿ ಅಚ್ಚಾದ ಒಂದು ಸುದ್ದಿಗೆ 150 ರೂಪಾಯಿ. ಅದೂ ಮೂರು ತಿಂಗಳಿಂದ ಬಂದಿರಲಿಲ್ಲ. ಸ್ಟ್ರಿಂಗರ್ ಕೆಲಸ ಮಾಡುವ ಗೆಳೆಯರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

"ಇವತ್ತು ಬೇಡ ಕಣವ್ವ, ತಣ್ಣಗಿರುತ್ತೆ, ಗಂಟಲು ಕೆಡುತ್ತೆ" ಅಂದೆ. ಅವಳು ಹಟ ಮಾಡಲಿಲ್ಲ. ಸುಮ್ಮನೆ ಬೈಕ್ ಹತ್ತಿದಳು. ಅದೇ ಕಷ್ಟವಾಯಿತು. ದಾರಿಯಲ್ಲಿ ನಾನೇ ಬಾಯಿಬಿಟ್ಟೆ: "ಮನೇಲೇ ಮಾಡ್ಕೊಡ್ತೀನಿ ಬಿಡು."

ಮಾಡುವುದು ಹೇಗೆ ಅಂತ ಗೊತ್ತಿರಲಿಲ್ಲ. ಗೋಲಿ ಸಬ್ಬಕ್ಕಿ ತರಹ ಕಾಣುತ್ತಿತ್ತು. ಹಾಗಾಗಿ ಅವ್ವ ಪಾಯಸಕ್ಕೆ ಇಟ್ಟಿದ್ದ ಸಬ್ಬಕ್ಕಿ ಒಂದು ಹಿಡಿ ತೆಗೆದು ತಣ್ಣೀರಿಗೆ ಹಾಕಿ ಒಲೆ ಹಚ್ಚಿದೆ. ಹದಿನೈದು ನಿಮಿಷದಲ್ಲಿ ಪಾತ್ರೆಯಲ್ಲಿ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದು ಸಿದ್ಧವಾಗಿತ್ತು.

ಅವ್ವ ಬಂದು ಬಗ್ಗಿ ನೋಡಿದಳು. "ಏನ್ಲಾ ಮಗ ಇದು, ಯಾರ್ ಎಲೆಕ್ಷನ್‌ಗೆ?"

ಸಬ್ಬಕ್ಕಿಯನ್ನು ಹಾಗೆ ತಣ್ಣೀರಲ್ಲಿ ಬೇಯಿಸಬಾರದು, ಕೊತಕೊತ ಕುದಿಯುವ ನೀರಿಗೇ ಹಾಕಬೇಕು ಅಂತ ಅವತ್ತು ಕಲಿತೆ. ಕುದಿನೀರು ತಾಗಿದ ಕೂಡಲೇ ಕಾಳಿನ ಹೊರಮೈ ಬೆಂದು ಬಿಗಿಯಾಗುತ್ತೆ, ಒಳಗಿನ ಹಿಟ್ಟು ಹೊರಗೆ ಬರುವುದಿಲ್ಲ. ಹಾಗೆ ಮಾಡಿದರೂ ನಮ್ಮ ಸಬ್ಬಕ್ಕಿ ಸಣ್ಣದು, ಬಾಯಿಗೆ ಬಂದರೆ ಜಾರಿ ಹೋಗುತ್ತೆ. ಮಗಳಿಗೆ ಬೇಕಿದ್ದದ್ದು ಅಗಿಯುವ ಗೋಲಿ.

ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿದೆ. ಅವ್ವ ಕನ್ನಡಕ ಹಾಕಿಕೊಂಡು ನೋಡಿ ಅಂದಳು: "ಇದು ಮರಗೆಣಸಿನ ಹಿಟ್ಟು ಅಲ್ವೇನ್ಲಾ? ಇದಕ್ಕಾ ಇನ್ನೂರ ನಲವತ್ತು?"

ಅವಳು ಹೇಳಿದ್ದು ಸರಿ. ಸಬ್ಬಕ್ಕಿಯೂ ಅದೇ, ಈ ಗೋಲಿಯೂ ಅದೇ. ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಜೊತೆ ನಮ್ಮ ಕಡೆಗೆ ಬಂದ ಗೆಡ್ಡೆ ಮರಗೆಣಸು. ನಾವು ತಿನ್ನುವ ಸಬ್ಬಕ್ಕಿ ಹೆಚ್ಚಾಗಿ ಬರುವುದು ತಮಿಳುನಾಡಿನ ಸೇಲಂ ಸೀಮೆಯಿಂದ. ಎರಡನೇ ಮಹಾಯುದ್ಧದ ಕಾಲಕ್ಕೆ ಹೊರದೇಶದ ಸರಕು ನಿಂತಾಗ ಅಲ್ಲಿ ಈ ಕಸುಬು ಬೇರುಬಿಟ್ಟಿತು. ಗೆಡ್ಡೆ ಅರೆದು, ಹಾಲು ಸೋಸಿ, ತಳಕ್ಕೆ ಇಳಿದ ಹಿಟ್ಟನ್ನು ಹಸಿಯಾಗಿದ್ದಾಗಲೇ ಕಾಳು ಕಟ್ಟಿಸಿ, ಬಿಸಿ ತಗಡಿನ ಮೇಲೆ ಹುರಿದು, ಬಿಸಿಲಿಗೆ ಹರಡುತ್ತಾರೆ. 1981ರಲ್ಲಿ ಅಲ್ಲಿನ ತಯಾರಕರು ಸ್ಯಾಗೋಸರ್ವ್ ಅನ್ನುವ ಸಹಕಾರ ಸಂಘ ಕಟ್ಟಿಕೊಂಡರು. 2023ರಲ್ಲಿ ಸೇಲಂ ಸಬ್ಬಕ್ಕಿಗೆ ಜಿಐ ಟ್ಯಾಗ್ ಕೂಡ ಸಿಕ್ಕಿತು.

ಬಬಲ್ ಟೀ ಹುಟ್ಟಿದ್ದು ತೈವಾನ್ ದೇಶದಲ್ಲಿ, 1980ರ ದಶಕದಲ್ಲಿ. ತೈಚುಂಗ್ ಊರಿನ ಒಂದು ಅಂಗಡಿ, ತೈನಾನ್ ಊರಿನ ಇನ್ನೊಂದು ಅಂಗಡಿ, ಎರಡೂ ನಾವೇ ಮೊದಲು ಅಂತ ವರ್ಷಗಟ್ಟಲೆ ಕೋರ್ಟಿನಲ್ಲಿ ಕಾದಾಡಿದವು.

ಇದನ್ನೆಲ್ಲ ಹೇಳುತ್ತಿದ್ದರೆ ಅವ್ವ ಬೇರೆ ಏನೋ ಯೋಚಿಸುತ್ತಿದ್ದಳು. ಆಮೇಲೆ ಹೇಳಿದಳು.

ಅವಳ ತವರು ನಂಜನಗೂಡು ಕಡೆಯ ಹಳ್ಳಿ. ಬೇಲಿಯುದ್ದಕ್ಕೂ ಮರಗೆಣಸಿನ ಗಿಡ. ಮಳೆ ಕೈಕೊಟ್ಟ ವರ್ಷ ರಾಗಿ ಕಣಕ್ಕೆ ಬರಲಿಲ್ಲ. ಬೆಳಗ್ಗೆ ಬೇಯಿಸಿದ ಗೆಣಸು, ರಾತ್ರಿಯೂ ಬೇಯಿಸಿದ ಗೆಣಸು, ನಂಚಿಕೊಳ್ಳಲು ಉಪ್ಪು ಮೆಣಸಿನಕಾಯಿ. ಸ್ಕೂಲಿಗೂ ಅದೇ, ಬಟ್ಟೆ ಗಂಟಿನಲ್ಲಿ. ಬೇರೆ ಮಕ್ಕಳು ಮುದ್ದೆಯೋ ರೊಟ್ಟಿಯೋ ಬಿಚ್ಚುವಾಗ ಇವಳು ಗೋಡೆ ಕಡೆ ತಿರುಗಿ ಕೂತು ತಿನ್ನುತ್ತಿದ್ದಳಂತೆ. "ಮದ್ವೆ ಆಗಿ ಈ ಮನೆಗ್ ಬಂದ್ಮೇಲೆ ಒಂದ್ ದಿನಾನೂ ಅದನ್ನ ಬೇಯ್ಸಿಲ್ಲ ಕಣ್ಲಾ. ಯಾರೂ ಬೇಡ ಅಂದಿರ್ನಿಲ್ಲ. ನಂಗೇ ಬೇಡಿತ್ತು."

ನನಗೆ ಈಗ ಮೂವತ್ತಾರು. ಬರ ಬಂದ ಊರುಗಳಿಗೆ ಹೋಗಿ ಯಾರ್ಯಾರದೋ ಮನೆಯ ಒಲೆ ನೋಡಿ ವರದಿ ಬರೆದಿದ್ದೇನೆ. ನಮ್ಮ ಅಡುಗೆಮನೆಯಲ್ಲಿ ಮರಗೆಣಸು ಯಾಕೆ ಇಲ್ಲ ಅಂತ ಒಂದು ದಿನವೂ ಕೇಳಿರಲಿಲ್ಲ.

ಹಸಿವಿಗೂ ಮರಗೆಣಸಿಗೂ ಇರುವ ನಂಟಿನಲ್ಲಿ ನಮ್ಮ ಮೈಸೂರಿನದೂ ಒಂದು ಪಾಲಿದೆ. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಗೊತ್ತಲ್ಲ, ಅಲ್ಲಿನ ವಿಜ್ಞಾನಿಗಳು ದೇಶದಲ್ಲಿ ಅಕ್ಕಿ ಗೋಧಿಗೆ ತತ್ವಾರ ಇದ್ದ ಆ ಕಾಲದಲ್ಲಿ 75 ಪಾಲು ಮರಗೆಣಸಿನ ಹಿಟ್ಟಿಗೆ 25 ಪಾಲು ಕಡಲೆಕಾಯಿ ಹಿಟ್ಟು ಬೆರೆಸಿ ಒಂದು ಹಿಟ್ಟು ಮಾಡಿದರು. ಅದಕ್ಕೆ 'ಮೈಸೂರು ಹಿಟ್ಟು' ಅಂತಲೇ ಹೆಸರು ಬಿತ್ತು. ಕಡಲೆಕಾಯಿ ಯಾಕೆ ಅಂದರೆ, ಮರಗೆಣಸಿನಲ್ಲಿ ಹೊಟ್ಟೆ ತುಂಬಿಸುವ ಪಿಷ್ಟ ಇದೆ, ಮೈ ಬೆಳೆಸುವ ಪ್ರೋಟೀನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅವ್ವನ ಗಂಟಿನಲ್ಲಿ ಕೊರತೆಯಾಗಿದ್ದದ್ದೂ ಅದೇ.

ಮಾರನೇ ದಿನ ದೇವರಾಜ ಮಾರುಕಟ್ಟೆಯಿಂದ ಒಂದು ಕೆ.ಜಿ. ಮರಗೆಣಸು ತಂದೆ, 40 ರೂಪಾಯಿ. ಅವ್ವ ಬೇಡ ಅನ್ನಬಹುದು ಅಂದುಕೊಂಡಿದ್ದೆ. ಅವಳೇ ಈಳಿಗೆ ಮಣೆ ಎಳೆದುಕೊಂಡು ಕೂತಳು.

ನೀವೂ ಮಾಡುವುದಾದರೆ ಹೀಗೆ ಮಾಡಿ. ಹೊರಗಿನ ಕಂದು ಸಿಪ್ಪೆ, ಅದರ ಕೆಳಗಿನ ದಪ್ಪ ಸಿಪ್ಪೆ, ಎರಡನ್ನೂ ಪೂರ್ತಿ ತೆಗೆಯಿರಿ. ಮರಗೆಣಸನ್ನು ಯಾವತ್ತೂ ಹಸಿಯಾಗಿ ತಿನ್ನಬೇಡಿ, ಅದರಲ್ಲಿ ಸಯನೈಡ್ ವಿಷವಾಗುವ ಅಂಶ ಇದೆ. ಕಹಿ ಗೆಡ್ಡೆಯಲ್ಲಿ ಅದು ಇನ್ನೂ ಜಾಸ್ತಿ, ಕಹಿಯಿದ್ದರೆ ಎಸೆದುಬಿಡಿ. ಒಳ್ಳೆಯ ಗೆಡ್ಡೆಯನ್ನು ತುರಿದು, ನೀರು ಹಾಕಿ ಕಿವುಚಿ, ತೆಳು ಬಟ್ಟೆಯಲ್ಲಿ ಹಿಂಡಿ. ಹಾಲಿನಂಥ ನೀರನ್ನು ನಾಲ್ಕೈದು ಗಂಟೆ ಅಲುಗಾಡಿಸದೆ ಬಿಡಿ. ಮೇಲಿನ ನೀರು ಬಗ್ಗಿಸಿ ಚೆಲ್ಲಿ, ಹೊಸ ನೀರು ಹಾಕಿ ಕಲಕಿ, ಮತ್ತೆ ಇಳಿಯಲು ಬಿಡಿ. ಹೀಗೆ ಎರಡು ಮೂರು ಸಲ. ತಳದಲ್ಲಿ ಉಳಿದ ಬಿಳಿ ಹಿಟ್ಟನ್ನು ಬಿಸಿಲಿನಲ್ಲಿ ಒಣಗಿಸಿ. ಒಂದು ಕೆ.ಜಿ.ಗೆ ನಮಗೆ ಸಿಕ್ಕಿದ್ದು ಒಂದು ಲೋಟದಷ್ಟು.

100 ಗ್ರಾಂ ಹಿಟ್ಟಿಗೆ 50 ಗ್ರಾಂ ಬೆಲ್ಲ, 60 ಮಿ.ಲೀ. ನೀರು. ಬೆಲ್ಲದ ನೀರು ಜೋರಾಗಿ ಕುದಿಯುತ್ತಿರುವಾಗಲೇ ಹಿಟ್ಟಿನ ಮೇಲೆ ಸುರಿದು ಚಮಚದಲ್ಲಿ ಬೆರೆಸಿ. ಕುದಿ ನಿಂತ ನೀರು ಹಾಕಿದರೆ ಹಿಟ್ಟು ಒಗ್ಗೂಡುವುದಿಲ್ಲ, ಮುಟ್ಟಿದರೆ ಗಟ್ಟಿ, ಬಿಟ್ಟರೆ ಹರಿಯುತ್ತೆ. ನಮ್ಮ ಮೊದಲ ಅರ್ಧ ಹಿಟ್ಟು ಹೀಗೇ ಹಾಳಾಯಿತು. ಕೈಗೆ ತಾಳುವಷ್ಟು ಆರಿದ ಮೇಲೆ ನಾದಿ, ಬಟಾಣಿಗಿಂತ ಸಣ್ಣ ಉಂಡೆ ಮಾಡಿ, ಒಣಹಿಟ್ಟು ಉದುರಿಸಿ. ಕುದಿಯುವ ನೀರಿಗೆ ಹಾಕಿ 20 ನಿಮಿಷ ಬೇಯಿಸಿ, ಒಲೆ ಆರಿಸಿ ಮುಚ್ಚಿ ಇನ್ನೊಂದು 20 ನಿಮಿಷ ಬಿಡಿ. ಒಂದನ್ನು ಕತ್ತರಿಸಿ ನೋಡಿ, ನಡುವೆ ಬಿಳಿ ಚುಕ್ಕೆ ಇದ್ದರೆ ಇನ್ನೂ ಬೇಯಬೇಕು. ಆಮೇಲೆ ಸೋಸಿ ಬೆಲ್ಲದ ಪಾಕಕ್ಕೆ ಹಾಕಿ.

ಟೀ ಡಿಕಾಕ್ಷನ್ ಸ್ವಲ್ಪ ಗಟ್ಟಿ ಇರಲಿ. ಟೀ ಪೂರ್ತಿ ಆರಿದ ಮೇಲೆ ಪಾಕ ಸೇರಿಸಿ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವುದು ನಿಮಗೂ ಗೊತ್ತು. ಗೋಲಿಗಳನ್ನು ಅವತ್ತೇ ಮುಗಿಸಿ, ಫ್ರಿಜ್‌ನಲ್ಲಿಟ್ಟರೆ ಕಲ್ಲಾಗುತ್ತವೆ.

ನಮ್ಮಲ್ಲಿ ದಪ್ಪ ಸ್ಟ್ರಾ ಇರಲಿಲ್ಲ, ಚಮಚದಲ್ಲಿ ತಿಂದೆವು. ಅದೇ ಒಳ್ಳೆಯದು. ಜೋರಾಗಿ ಎಳೆದರೆ ಗೋಲಿ ನೇರ ಗಂಟಲಿಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಚಿಕ್ಕ ಮಕ್ಕಳಿಗೆ ಕೊಡಲೇಬೇಡಿ. ಶುಗರ್ ಇರುವವರಿಗೂ ಇದು ಆಗಿಬರುವುದಿಲ್ಲ, ಗೋಲಿ ಪೂರ್ತಿ ಪಿಷ್ಟ, ಪಾಕ ಪೂರ್ತಿ ಬೆಲ್ಲ. ಅವ್ವನಿಗೆ ಶುಗರ್ ಇದೆ. ಹದ ನೋಡಲು ನಾಲ್ಕು ಗೋಲಿ ತಿಂದು ಲೋಟ ಆಚೆ ತಳ್ಳಿದಳು.

ಹಾಲು, ಬೆಲ್ಲ, ಟೀಪುಡಿ, ಗೆಣಸು ಎಲ್ಲ ಸೇರಿ 90 ರೂಪಾಯಿ ಒಳಗೆ ಮೂರು ಲೋಟ ಆಯಿತು. ಎರಡು ದಿನದ ಕೆಲಸಕ್ಕೆ ಲೆಕ್ಕವಿಲ್ಲ. ಮಗಳು ಕುಡಿದಳು, ತಳದವರೆಗೂ ಕೆರೆದು ತಿಂದಳು. "ಹೇಗಿದೆ?" ಅಂದೆ. "ಚೆನ್ನಾಗಿದೆ. ಅಂಗಡಿದು ಇನ್ನೂ ಮೆತ್ತಗಿತ್ತು" ಅಂದಳು. ಸುಳ್ಳು ಹೇಳಲಿಲ್ಲವಲ್ಲ ಅಂತ ಖುಷಿಯಾಯಿತು. ನಾನು ಮಾಲ್‌ನಲ್ಲಿ ಹೇಳಿದ್ದು ನೆನಪಾಗಿ ನಾಚಿಕೆಯೂ ಆಯಿತು.

"ಅವತ್ತು ಗಂಟಲು ಕೆಡುತ್ತೆ ಅಂದಿದ್ದೆನಲ್ಲ, ಅದು ಸುಳ್ಳು. ದುಡ್ಡಿರಲಿಲ್ಲ ಕಣವ್ವ."

"ಗೊತ್ತಿತ್ತು ಅಪ್ಪ" ಅಂದಳು, ಚಮಚ ನೆಕ್ಕುತ್ತಾ.

ಅವ್ವ ನಮ್ಮಿಬ್ಬರನ್ನೂ ನೋಡಿದಳು, ಏನೂ ಅನ್ನಲಿಲ್ಲ. ಉಳಿಸಿಟ್ಟಿದ್ದ ಎರಡು ತುಂಡು ಗೆಣಸನ್ನು ಉಪ್ಪು ಹಾಕಿ ಬೇಯಿಸಿ, ತಟ್ಟೆ ಹಿಡಿದು ಜಗುಲಿಗೆ ಹೋದಳು. ಮಗಳೂ ಹಿಂದೆಯೇ ಹೋದಳು. ಶುಗರ್ ಇದೆ, ಜಾಸ್ತಿ ತಿನ್ನಬೇಡ ಅಂತ ಒಳಗಿನಿಂದಲೇ ಕೂಗಿದೆ.

ಮುಂದಿನ ವಾರ ಸೋದರಮಾವನಿಗೆ ಫೋನ್ ಮಾಡಿ ಮರಗೆಣಸಿನ ಕಡ್ಡಿ ತರಿಸಿದಳು. ಗೆಡ್ಡೆ ನೆಟ್ಟರೆ ಬರುವುದಿಲ್ಲ, ಕಾಂಡದ ತುಂಡನ್ನೇ ನೆಡಬೇಕು. ನಲ್ಲಿ ಪಕ್ಕದ ಮೂರಡಿ ಜಾಗದಲ್ಲಿ ಎರಡು ಕಡ್ಡಿ ಊರಿದ್ದಾಳೆ. ಎರಡೂ ಚಿಗುರಿವೆ. ಗೆಡ್ಡೆ ಕೀಳಲು ಹತ್ತು ತಿಂಗಳಾದರೂ ಬೇಕು.